ಚಿತ್ರಗಳ ಕಣಜ

1856ನೆಯ ಇಸವಿ. ಮದ್ರಾಸಿನ ದೇಶೀಯ ಪದಾತಿದಳದಲ್ಲಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಅಧಿಕಾರಿಯು ಹಂಪೆಯ ಹಾಳು ಪಟ್ಟಣದಲ್ಲಿ ದೊಡ್ಡದೊಂದು ಕ್ಯಾಮರಾವನ್ನು ಹೂಡಿದನು. ಮೇಣ ಸವರಿದ ಕಾಗದವೇ ಅವನ ನೆಗೆಟಿವ್. ಗುಡಿಗಳನ್ನೂ ಮಂಟಪಗಳನ್ನೂ ಅವನು ಒಂದೊಂದಾಗಿ ಆ ಕಾಗದದ ಮೇಲೆ ಮೂಡಿಸಿಕೊಂಡನು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರವೊಂದಿತ್ತು. ಮುಂದೆ ಅದು ಇಲ್ಲವಾಯಿತು. ಈಗ ರಥದ ಮುಂದೆ ನಿಂತವರಿಗೆ ಆ ಶಿಖರ ಕಾಣುವುದಿಲ್ಲ. ಗ್ರೀನ್‌ಲಾನ ಚಿತ್ರವನ್ನು ನೋಡಿದವರಿಗೆ ಕಾಣುತ್ತದೆ. ನೂರಿಪ್ಪತ್ತೈದಕ್ಕೂ ಹೆಚ್ಚು ವರ್ಷಗಳು ಕಳೆದ ಮೇಲೆ, 1980ರ ದಶಕದಲ್ಲಿ, ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವರು ಅವೇ ಸ್ಥಳಗಳಲ್ಲಿ ನಿಂತು ಹೊಸದಾಗಿ ಚಿತ್ರಗಳನ್ನು ತೆಗೆದರು. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕದಲ್ಲಿಟ್ಟಾಗ ಹಂಪೆಯಲ್ಲಿ ಉಳಿದದ್ದೆಷ್ಟು, ಅಳಿದದ್ದೆಷ್ಟು ಎಂಬುದು ವಿದ್ವಾಂಸರಿಗೆ ಸ್ಪಷ್ಟವಾಯಿತು.

ಗ್ರೀನ್‌ಲಾನ ನೆಗೆಟಿವ್‌ಗಳನ್ನು ನೋಡಲು ಯಾವ ಯಂತ್ರವೂ ಬೇಕಿರಲಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದರೆ ಸಾಕಾಗಿತ್ತು. ಇಂದಿನ ಛಾಯಾಚಿತ್ರದ ಸ್ಥಿತಿ ಬೇರೆ. ಅದು ಮೊಬೈಲಿನಲ್ಲಿಯೋ ಗಣಕಯಂತ್ರದಲ್ಲಿಯೋ ಅಡಗಿರುವ ಅಂಕಿಗಳ ರಾಶಿ. ಬರಿಗಣ್ಣಿಗೆ ಅದು ಗೋಚರಿಸದು. ಅಂಕಿಗಳನ್ನು ಓದಿ ಚಿತ್ರವಾಗಿ ತೋರಿಸಲು, ಸಾವಿರಾರು ಚಿತ್ರಗಳ ನಡುವೆ ಬೇಕಾದುದನ್ನು ಹುಡುಕಿಕೊಡಲು, ಕುಂದುಗಳನ್ನು ತಿದ್ದಲು ತಂತ್ರಾಂಶದ ನೆರವು ಬೇಕೇಬೇಕು. ಆದುದರಿಂದ ಒಂದು ಮನೆಯ, ಒಂದು ಶಾಲೆಯ, ಒಂದು ಊರಿನ ನೆನಪುಗಳು ಮುಂದಿನ ತಲೆಮಾರಿಗೆ ತಲಪುವುವೋ ಇಲ್ಲವೋ ಎಂಬುದು, ಆ ಚಿತ್ರಗಳನ್ನು ಯಾವ ತಂತ್ರಾಂಶದ ಕೈಗೆ ಒಪ್ಪಿಸಲಾಗಿದೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಚಿತ್ರವನ್ನು ಅಂಕಿಗಳಾಗಿ ಮಾರ್ಪಡಿಸುವ ಯತ್ನ ಇತ್ತೀಚಿನದೇನಲ್ಲ. 1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ಎಂಬ ತಂತ್ರಜ್ಞರು ತಮ್ಮ ಹಸುಗೂಸಿನ ಭಾವಚಿತ್ರವನ್ನು ಯಂತ್ರದ ಮೂಲಕ ಗಣಕಕ್ಕೆ ಊಡಿಸಿದರು. ಅಡ್ಡಕ್ಕೆ 176, ಉದ್ದಕ್ಕೆ 176 ಚುಕ್ಕೆಗಳಷ್ಟೇ ಇದ್ದ ಪುಟ್ಟ ಚಿತ್ರವದು. 1969ರಲ್ಲಿ ಬೆಲ್ ಪ್ರಯೋಗಾಲಯದ ವಿಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬ ವಿಜ್ಞಾನಿಗಳು ಬೆಳಕನ್ನು ವಿದ್ಯುತ್ ಸಂಕೇತವಾಗಿ ಪರಿವರ್ತಿಸುವ ಸಾಧನಕ್ಕೆ ತಳಹದಿ ಹಾಕಿದರು. ಈ ಸಾಧನೆಗಾಗಿ 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. 1975ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರು ಮೊದಲ ಡಿಜಿಟಲ್ ಕ್ಯಾಮರಾವನ್ನು ನಿರ್ಮಿಸಿದರು. ಒಂದು ಚಿತ್ರವನ್ನು ಕ್ಯಾಸೆಟ್ ಸುರುಳಿಯಲ್ಲಿ ದಾಖಲಿಸಲು ಅದಕ್ಕೆ 23 ಸೆಕೆಂಡುಗಳು ಹಿಡಿಯುತ್ತಿದ್ದುವು.

ಈಗ ಸಾಧಾರಣ ಮೊಬೈಲು ತೆಗೆಯುವ ಚಿತ್ರವೊಂದನ್ನು ನೋಡಬಹುದು. ಅಡ್ಡಕ್ಕೆ 4000, ಉದ್ದಕ್ಕೆ 3000 ಚುಕ್ಕೆಗಳಿದ್ದರೆ ಒಟ್ಟು 1 ಕೋಟಿ 20 ಲಕ್ಷ ಚುಕ್ಕೆಗಳಾದುವು. ಈ ಚುಕ್ಕೆಗೆ ಪಿಕ್ಸೆಲ್ ಎಂದು ಹೆಸರು. ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳ ಪ್ರಮಾಣವನ್ನು ಸೂಚಿಸುವ ಮೂರು ಅಂಕಿಗಳು. ಹೀಗೆ ಒಂದೇ ಚಿತ್ರಕ್ಕೆ 3 ಕೋಟಿ 60 ಲಕ್ಷ ಅಂಕಿಗಳು ಬೇಕಾಗುತ್ತವೆ. ಇವೆಲ್ಲವನ್ನೂ ಹಾಗೆಯೇ ಇಟ್ಟರೆ ಜಾಗ ಸಾಲದು. ಅದಕ್ಕಾಗಿಯೇ 1992ರಲ್ಲಿ ಜೆಪೆಗ್ ಎಂಬ ಅಡಕ ವಿಧಾನವು ಬಳಕೆಗೆ ಬಂದಿತು. ಮನುಷ್ಯನ ಕಣ್ಣು ಸುಲಭವಾಗಿ ಗುರುತಿಸಲಾರದ ವಿವರಗಳನ್ನು ಕೈಬಿಟ್ಟು, ಉಳಿದುದನ್ನು ಸಂಗ್ರಹಿಸಿಡುವುದು ಅದರ ಕ್ರಮ. ಇದರಿಂದ ಕಡತದ ಗಾತ್ರ ಹತ್ತರಲ್ಲೊಂದು ಪಾಲಿಗೆ ಇಳಿಯಬಹುದು. ಆದರೆ ಒಮ್ಮೆ ಬಿಟ್ಟ ವಿವರ ಮರಳಿ ಬಾರದು. ಚಿತ್ರವನ್ನು ತಿದ್ದಿ ಅದೇ ಹೆಸರಿನಲ್ಲಿ ಮತ್ತೆ ಮತ್ತೆ ಉಳಿಸುತ್ತ ಹೋದರೆ, ಪ್ರತಿ ಸಲವೂ ಅದು ಸ್ವಲ್ಪ ಸ್ವಲ್ಪ ಸವೆಯುತ್ತದೆ.

ಚಿತ್ರದ ಕಡತದೊಳಗೆ ಬಣ್ಣದ ಅಂಕಿಗಳ ಜೊತೆಗೆ ಇನ್ನೊಂದು ಬಗೆಯ ಮಾಹಿತಿಯೂ ಇರುತ್ತದೆ. ಚಿತ್ರ ತೆಗೆದ ದಿನ, ಗಳಿಗೆ, ಬಳಸಿದ ಕ್ಯಾಮರಾ, ಕೆಲವೊಮ್ಮೆ ಸ್ಥಳದ ಅಕ್ಷಾಂಶ ರೇಖಾಂಶಗಳು ಕೂಡ ಅಲ್ಲಿ ತಾವಾಗಿಯೇ ದಾಖಲಾಗುತ್ತವೆ. ಇದಲ್ಲದೆ ಚಿತ್ರದಲ್ಲಿರುವವರ ಹೆಸರು, ಸಂದರ್ಭದ ವಿವರಣೆ ಮುಂತಾದುವನ್ನು ಬರೆದಿಡಲೂ ಅವಕಾಶವುಂಟು. ಹಿಂದಿನವರು ಸ್ಟುಡಿಯೋದಲ್ಲಿ ತೆಗೆಸಿದ ಪಟದ ಬೆನ್ನ ಮೇಲೆ ಶಾಯಿಯಿಂದ ಹೆಸರು ಬರೆದಿಡುತ್ತಿದ್ದರಷ್ಟೆ. ಈ ಅವಕಾಶವೂ ಅಂತಹುದೇ ಒಂದು ಬೆನ್ನುಬರಹ. ಅದರ ಬೆಲೆಯನ್ನು ಅರಿತವನು ಮಾತ್ರ ಸರಿಯಾದ ತಂತ್ರಾಂಶವನ್ನು ಆರಿಸಬಲ್ಲನು.

ಚಿತ್ರಸಂಗ್ರಹದ ಕೆಲಸದಲ್ಲಿ ಎರಡು ಭಾಗಗಳಿವೆ: ಒಂದು ಜೋಡಣೆ, ಇನ್ನೊಂದು ತಿದ್ದುಗೆ. ಜೋಡಣೆಯೆಂದರೆ ಗ್ರಂಥಪಾಲಕನ ಕೆಲಸ. ಗ್ರಂಥಾಲಯದಲ್ಲಿ ಪುಸ್ತಕವು ಒಂದು ಬೀರುವಿನಲ್ಲಿ ಮಾತ್ರ ಇರುತ್ತದೆ. ಆದರೆ ಅದರ ಸೂಚಿಪತ್ರಗಳು ಲೇಖಕರ ಹೆಸರಿನಲ್ಲಿಯೂ ವಿಷಯದ ಹೆಸರಿನಲ್ಲಿಯೂ ಇರುತ್ತವೆ. ಓದುಗನು ಯಾವ ದಾರಿಯಿಂದ ಬಂದರೂ ಪುಸ್ತಕವನ್ನು ಸೇರುತ್ತಾನೆ. ಹಾಗೆಯೇ ಒಂದು ಚಿತ್ರ ಗಣಕದ ಒಂದು ಫೋಲ್ಡರಿನಲ್ಲಿದ್ದರೂ, ಅದಕ್ಕೆ ‘ಅಜ್ಜಿ’, ‘ಮದುವೆ’, ‘ಧರ್ಮಸ್ಥಳ’ ಎಂಬ ಗುರುತುಚೀಟಿಗಳನ್ನು ಅಂಟಿಸಿದರೆ ಮೂರು ದಾರಿಗಳಿಂದಲೂ ಅದನ್ನು ತಲಪಬಹುದು. ಉತ್ತಮ ಜೋಡಣೆಯ ತಂತ್ರಾಂಶವು ದಿನಾಂಕದ ಪ್ರಕಾರ, ಗುರುತುಚೀಟಿಯ ಪ್ರಕಾರ, ಸ್ಥಳದ ಪ್ರಕಾರ ಹುಡುಕಿಕೊಡುತ್ತದೆ. ಒಂದೇ ಚಿತ್ರದ ಎರಡು ಮೂರು ಪ್ರತಿಗಳಿದ್ದರೆ ತೋರಿಸಿಕೊಡುತ್ತದೆ.

ತಿದ್ದುಗೆಯಲ್ಲಿ ಎರಡು ಪದ್ಧತಿಗಳಿವೆ. ಮೊದಲನೆಯದು ಚುಕ್ಕೆಗಳನ್ನೇ ನೇರವಾಗಿ ಬದಲಿಸುವ ಪದ್ಧತಿ. 1990ರಲ್ಲಿ ಮಾರುಕಟ್ಟೆಗೆ ಬಂದ ಫೋಟೋಶಾಪ್, 1995ರಲ್ಲಿ ಅಮೆರಿಕದ ಬರ್ಕ್ಲಿಯ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಕೈಗೆತ್ತಿಕೊಂಡ ಗಿಂಪ್ ಇವು ಈ ಬಗೆಯವು. ಹರಿದ ಹಳೆಯ ಪಟದ ಗೀರುಗಳನ್ನು ಮುಚ್ಚುವಂತಹ ನಯವಾದ ಕೆಲಸಕ್ಕೆ ಇವು ತಕ್ಕುವು. ಎರಡನೆಯದು ಮೂಲವನ್ನು ಮುಟ್ಟದೆ, ತಿದ್ದುಗೆಯ ಸೂಚನೆಗಳನ್ನು ಮಾತ್ರ ಬರೆದಿಡುವ ಪದ್ಧತಿ. ಬಲ್ಲ ದರ್ಜಿಯು ಬಟ್ಟೆಗೆ ಕತ್ತರಿ ಹಾಕುವ ಮೊದಲು ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾನೆ. ಗೆರೆ ತಪ್ಪಿದರೆ ಒರೆಸಿ ಮತ್ತೆ ಎಳೆಯಬಹುದು. ಕತ್ತರಿ ತಪ್ಪಿದರೆ ಬಟ್ಟೆಯೇ ಹಾಳು. 2007ರಲ್ಲಿ ಹೊರಬಂದ ಲೈಟ್‌ರೂಮ್, 2009ರಲ್ಲಿ ಆರಂಭವಾದ ಡಾರ್ಕ್‌ಟೇಬಲ್ ಮೊದಲಾದುವು ಈ ಸೀಮೆಸುಣ್ಣದ ಹಾದಿಯನ್ನು ಹಿಡಿದಿವೆ. ಬೆಳಕನ್ನು ಹೆಚ್ಚಿಸುವುದು, ಬಣ್ಣವನ್ನು ಹದಗೊಳಿಸುವುದು, ಓರೆಯನ್ನು ನೇರ್ಪಡಿಸುವುದು, ಅಂಚನ್ನು ಕತ್ತರಿಸುವುದು ಎಲ್ಲವೂ ಕೇವಲ ಸೂಚನೆಗಳಾಗಿ ಉಳಿಯುತ್ತವೆ. ಹತ್ತು ವರ್ಷಗಳ ಅನಂತರವೂ ಮೂಲಚಿತ್ರ ಮೊದಲಿನಂತೆಯೇ ಸಿಗುತ್ತದೆ.

ಇಷ್ಟನ್ನು ತಿಳಿದ ಮೇಲೆ, ತಂತ್ರಾಂಶವನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಯಾವುದು? ‘ಇದರಲ್ಲಿ ಎಷ್ಟು ಸೊಬಗಿದೆ?’ ಎಂದು ಹಲವರು ಕೇಳುತ್ತಾರೆ. ‘ಇದು ಇಲ್ಲವಾದ ದಿನ ಏನಾಗುತ್ತದೆ?’ ಎಂದು ಕೇಳುವುದು ವಿವೇಕ. ಪಿಕಾಸಾ ಎಂಬ ತಂತ್ರಾಂಶದ ಕಥೆ ಇದಕ್ಕೆ ನಿದರ್ಶನ. ಗೂಗಲ್ ಸಂಸ್ಥೆಯು 2004ರಲ್ಲಿ ಅದನ್ನು ಕೊಂಡು ಉಚಿತವಾಗಿ ಹಂಚಿತು. ಬಳಸಲು ಸುಲಭವಾಗಿದ್ದುದರಿಂದ ಅದು ಲೋಕದ ಉದ್ದಗಲಕ್ಕೂ ಮನೆಮಾತಾಯಿತು. 2016ರಲ್ಲಿ ಸಂಸ್ಥೆಯು ಅದನ್ನು ನಿಲ್ಲಿಸಿತು. ಅಂದಿಗಾಗಲೇ ಜನರು ವರ್ಷಗಟ್ಟಲೆ ಕುಳಿತು ಮಾಡಿಟ್ಟ ಕೆಲಸವೇನಾಯಿತು? ಚಿತ್ರದಡಿಯಲ್ಲಿ ಬರೆದ ಶೀರ್ಷಿಕೆಗಳು ಜೆಪೆಗ್ ಕಡತದ ಒಳಗೇ ಸೇರಿದ್ದುವು. ಅವು ಉಳಿದುವು, ಬೇರೆ ತಂತ್ರಾಂಶಗಳಲ್ಲಿಯೂ ಕಾಣಿಸಿದುವು. ಆದರೆ ಉಳಿಸು ಎಂದು ಒತ್ತದೆ ಬಿಟ್ಟ ತಿದ್ದುಗೆಗಳು ಪಿಕಾಸಾಕ್ಕೆ ಮಾತ್ರ ಅರ್ಥವಾಗುವ ಬೇರೊಂದು ಪುಟ್ಟ ಕಡತದಲ್ಲಿದ್ದುವು. ಮುಖಗಳಿಗೆ ಕೊಟ್ಟ ಹೆಸರುಗಳ ಗತಿಯೂ ಬಹುಮಟ್ಟಿಗೆ ಹಾಗೆಯೇ. ಬೇರೆ ತಂತ್ರಾಂಶಕ್ಕೆ ಹೋದವರಿಗೆ ಇವು ಹಾಗೆಯೇ ಕಾಣಿಸಲಿಲ್ಲ.

ಹಣ ಕೊಟ್ಟು ಕೊಂಡರೆ ಈ ಭಯವಿಲ್ಲವೆಂದು ತಿಳಿಯುವುದೂ ಸರಿಯಲ್ಲ. ಆ್ಯಪಲ್ ಸಂಸ್ಥೆಯ ಅಪರ್ಚರ್ ಎಂಬ ಬೆಲೆಬಾಳುವ ತಂತ್ರಾಂಶವು 2005ರಲ್ಲಿ ಬಂದು, 2015ರಲ್ಲಿ ಮಾರಾಟದಿಂದ ಮರೆಯಾಯಿತು. ಹೀಗೆ ಉಚಿತವಾದುದೂ ನಿಂತಿತು, ಹಣ ತೆತ್ತು ಕೊಂಡುದೂ ನಿಂತಿತು. ಇದರಿಂದ ಕಲಿಯಬೇಕಾದ ಪಾಠವಿಷ್ಟೆ: ಹೆಸರು, ದಿನಾಂಕ, ವಿವರಣೆಗಳನ್ನು ಚಿತ್ರದ ಕಡತದ ಒಳಗೇ ಬರೆಯುವ ತಂತ್ರಾಂಶವೇ ಲೇಸು. ಒಳಗೆ ಬರೆಯಲಾಗದಿದ್ದರೆ, ಎಲ್ಲರೂ ಓದಬಲ್ಲ ಮಾದರಿಯಲ್ಲಿ ಚಿತ್ರದ ಪಕ್ಕದಲ್ಲಿಯೇ ಬರೆದಿಡಬೇಕು. ಎಕ್ಸ್‌ಎಂಪಿ ಎಂಬ ಅಂತಹ ಮಾದರಿಯೊಂದು 2001ರಿಂದ ಬಳಕೆಯಲ್ಲಿದೆ. ಹಲವು ತಂತ್ರಾಂಶಗಳು ಅದನ್ನು ಅರಿಯುತ್ತವೆ. ಒಂದೇ ತಂತ್ರಾಂಶದ ಗುಪ್ತ ಸೂಚಿಯಲ್ಲಿ ಮಾತ್ರ ಬರೆದಿಟ್ಟ ಹೆಸರು, ಬೀಗದ ಕೈ ಕಳೆದುಹೋದ ಪೆಟ್ಟಿಗೆಯೊಳಗಿನ ಪತ್ರದಂತೆ.

ಎರಡನೆಯ ಪ್ರಶ್ನೆ ಖರ್ಚಿನದು. ತಂತ್ರಾಂಶಗಳಲ್ಲಿ ಒಮ್ಮೆ ಕೊಳ್ಳುವಂತಹವು, ತಿಂಗಳು ತಿಂಗಳೂ ಚಂದಾ ಕಟ್ಟಬೇಕಾದುವು, ಯಾರು ಬೇಕಾದರೂ ಉಚಿತವಾಗಿ ಪಡೆದು ಬಳಸಬಹುದಾದ ಮುಕ್ತ ತಂತ್ರಾಂಶಗಳು ಎಂದು ಮೂರು ಬಗೆ. ಲೈಟ್‌ರೂಮ್ ಮೊದಲು ಒಮ್ಮೆ ಕೊಂಡರೆ ಸಾಕೆನ್ನುವಂತಿತ್ತು. 2015ರಲ್ಲಿ ಬಂದ ಆರನೆಯ ಆವೃತ್ತಿಯೇ ಆ ಬಗೆಯಲ್ಲಿ ಕೊನೆಯದಾಗಿ, ಆಮೇಲೆ ಚಂದಾ ಪದ್ಧತಿಯೊಂದೇ ಉಳಿಯಿತು. ಛಾಯಾಗ್ರಹಣವನ್ನೇ ವೃತ್ತಿಯಾಗಿ ಉಳ್ಳವನಿಗೆ ಆ ಚಂದಾ ಭಾರವೆನಿಸದಿರಬಹುದು. ಸಾಮಾನ್ಯ ಮನೆಯೊಂದಕ್ಕೆ ಅದು ಹಾಲಿನ ಲೆಕ್ಕ, ವಿದ್ಯುತ್ತಿನ ಲೆಕ್ಕಗಳ ಜೊತೆಗೆ ಸೇರುವ ಮತ್ತೊಂದು ತಿಂಗಳ ಲೆಕ್ಕ. ಡಿಜಿಕ್ಯಾಮ್, ಡಾರ್ಕ್‌ಟೇಬಲ್, ಗಿಂಪ್ ಇವು ಮುಕ್ತ ತಂತ್ರಾಂಶಗಳು. ಇವುಗಳಿಗೆ ಹಣ ಬೇಕಿಲ್ಲ. ಕಲಿಯುವ ತಾಳ್ಮೆ ಬೇಕು.

ಮೂರನೆಯದು ಚಿತ್ರಗಳು ಇರುವ ಸ್ಥಳದ ಪ್ರಶ್ನೆ. ಕೆಲವು ತಂತ್ರಾಂಶಗಳು ಚಿತ್ರಗಳನ್ನು ಮನೆಯ ಗಣಕದಲ್ಲಿಯೇ ಇರಿಸುತ್ತವೆ. ಗೂಗಲ್ ಫೋಟೋಸ್‌ನಂತಹವು ಅಂತರಜಾಲದ ಮೂಲಕ ದೂರದ ಸಂಗ್ರಹಾಗಾರಕ್ಕೆ ಕಳುಹಿಸುತ್ತವೆ. ಮೊಬೈಲು ಕಳೆದುಹೋದರೂ ಚಿತ್ರ ಉಳಿಯುವುದು ಇದರ ದೊಡ್ಡ ಅನುಕೂಲ. ಆದರೆ 2015ರಲ್ಲಿ ಇದು ಆರಂಭವಾದಾಗ, ಗಾತ್ರವನ್ನು ತಗ್ಗಿಸಿದ ಚಿತ್ರಗಳನ್ನು ಮಿತಿಯಿಲ್ಲದೆ ಉಚಿತವಾಗಿ ಇಡಬಹುದಾಗಿತ್ತು. 2021ರ ಜೂನ್ 1ರಿಂದ ಹೊಸ ಚಿತ್ರಗಳೆಲ್ಲವೂ 15 ಗಿಗಾಬೈಟುಗಳ ಉಚಿತ ಮಿತಿಗೆ ಒಳಪಟ್ಟುವು. ಚಿತ್ರವೊಂದಕ್ಕೆ 4 ಮೆಗಾಬೈಟಿನಂತೆ ಎಣಿಸಿದರೆ ಇದರಲ್ಲಿ ನಾಲ್ಕು ಸಾವಿರ ಚಿತ್ರಗಳೂ ಹಿಡಿಯವು. ಅಲ್ಲದೆ ಮೊಬೈಲಿನ ಆ ತಂತ್ರಾಂಶದಲ್ಲಿ ಚಿತ್ರವನ್ನು ಅಳಿಸಿದರೆ ದೂರದ ಪ್ರತಿಯೂ ಅದರೊಡನೆ ಅಳಿಯುತ್ತದೆಂಬುದನ್ನು ಮರೆಯಬಾರದು. ಮನೆಯವರ ಮುಖಗಳೂ ವಾಸಸ್ಥಳದ ಗುರುತುಗಳೂ ಪರರ ಕೈಸೇರುವ ವಿಷಯವನ್ನು ಕುಟುಂಬದ ಹಿರಿಯರೊಡನೆ ಚರ್ಚಿಸಿಯೇ ತೀರ್ಮಾನಿಸಬೇಕು.

ನಾಲ್ಕನೆಯದು ಕನ್ನಡಿಗರು ವಿಶೇಷವಾಗಿ ಕೇಳಬೇಕಾದ ಪ್ರಶ್ನೆ: ಈ ತಂತ್ರಾಂಶದಲ್ಲಿ ಕನ್ನಡದಲ್ಲಿ ಬರೆಯಬಹುದೇ, ಬರೆದುದನ್ನು ಹುಡುಕಬಹುದೇ? ಹಿಂದೆ ಗಣಕದ ಕನ್ನಡ ಲಿಪಿಗಳು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿಕೊಂಡಿದ್ದುವು. ಆ ಲಿಪಿ ಇಲ್ಲದ ಗಣಕದಲ್ಲಿ ಅಂತಹ ಬರಹವು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸಂಖ್ಯೆಗಳನ್ನು ಕೊಡುವ ಯೂನಿಕೋಡ್ ವ್ಯವಸ್ಥೆಯ ಮೊದಲ ಆವೃತ್ತಿಯು 1991ರಲ್ಲಿ ಪ್ರಕಟವಾದಾಗಲೇ ಕನ್ನಡಕ್ಕೆ ಅದರಲ್ಲಿ ಸ್ಥಾನ ದೊರೆಯಿತು. ಯೂನಿಕೋಡ್‌ನಲ್ಲಿ ‘ದೊಡ್ಡಮ್ಮ’ ಎಂದು ಬರೆದರೆ ಯಾವ ದೇಶದ ಗಣಕದಲ್ಲಿಯೂ ಅದು ದೊಡ್ಡಮ್ಮ ಎಂದೇ ಉಳಿಯುತ್ತದೆ. ದೊಡ್ಡಮ್ಮ, ಚಿಕ್ಕಮ್ಮ, ಸೋದರತ್ತೆ ಎಂಬ ಭೇದಗಳನ್ನೆಲ್ಲ ಒಂದೇ ಇಂಗ್ಲಿಷ್ ಪದದಲ್ಲಿ ಮುಚ್ಚಿಬಿಡುವ ಅವಶ್ಯಕತೆ ಇಲ್ಲ.

ಈ ಪ್ರಶ್ನೆಗಳನ್ನಿಟ್ಟುಕೊಂಡು ಒಂದು ಕುಟುಂಬವು ಹೇಗೆ ಮುಂದುವರಿಯಬಹುದೆಂಬುದನ್ನು ಊಹಿಸಿಕೊಳ್ಳಬಹುದು. ಮನೆಯಲ್ಲಿ ನಾಲ್ಕು ಮೊಬೈಲುಗಳಿವೆ, ಹಳೆಯದೊಂದು ಗಣಕಯಂತ್ರವಿದೆ, ಅಟ್ಟದ ಮೇಲಿನ ಟ್ರಂಕಿನಲ್ಲಿ ಕಪ್ಪುಬಿಳುಪಿನ ಪಟಗಳಿವೆ. ಎಲ್ಲ ಸೇರಿ ಹತ್ತು ಸಾವಿರ ಚಿತ್ರಗಳಾಗುತ್ತವೆ. ಅಂದರೆ ಸುಮಾರು 40 ಗಿಗಾಬೈಟುಗಳು. ಮೊದಲು ಎಲ್ಲವನ್ನೂ ಒಂದೆಡೆಗೆ ತರಬೇಕು. ವಾಟ್ಸಾಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಗಾತ್ರ ಕುಗ್ಗಿ, ಒಳಗಿನ ದಿನಾಂಕ ಮೊದಲಾದ ವಿವರಗಳೂ ಕಳಚಿಹೋಗುತ್ತವೆ. ಆದುದರಿಂದ ಮೂಲ ಮೊಬೈಲಿನಿಂದ ತಂತಿಯ ಮೂಲಕ ನಕಲು ಮಾಡಿಕೊಳ್ಳುವುದು ಮೇಲು. ಅನಂತರ ವರ್ಷಕ್ಕೊಂದು ಫೋಲ್ಡರು, ಅದರೊಳಗೆ ಸಂದರ್ಭಕ್ಕೊಂದು ಫೋಲ್ಡರು ಮಾಡಿ, ಹೆಸರಿನ ಆರಂಭದಲ್ಲಿ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಅಂಕಿಗಳನ್ನು ಬರೆದರೆ ಅವು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಯಾವ ತಂತ್ರಾಂಶ ಬಂದರೂ ಹೋದರೂ ಈ ವ್ಯವಸ್ಥೆ ಕದಲದು.

ಇಷ್ಟಾದ ಮೇಲೆ ತಂತ್ರಾಂಶದ ಪರೀಕ್ಷೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ಅಂತೆಯೇ ನೂರು ಚಿತ್ರಗಳ ನಕಲನ್ನು ಮಾತ್ರ ಹೊಸ ತಂತ್ರಾಂಶಕ್ಕೆ ಕೊಡಬೇಕು. ಹತ್ತು ಚಿತ್ರಗಳಿಗೆ ಕನ್ನಡದಲ್ಲಿ ಹೆಸರು ಬರೆದು, ಎರಡನ್ನು ತಿದ್ದಿ, ಬಳಿಕ ಅದೇ ಫೋಲ್ಡರನ್ನು ಬೇರೊಂದು ತಂತ್ರಾಂಶದಲ್ಲಿ ತೆರೆದು ನೋಡಬೇಕು. ಹೆಸರುಗಳು ಅಲ್ಲಿಯೂ ಕಂಡರೆ ಅದನ್ನು ನಂಬಬಹುದು, ಕಾಣದಿದ್ದರೆ ಎಚ್ಚರ. ಇಂತಹ ಮನೆಗೆ ಡಿಜಿಕ್ಯಾಮ್ ಒಪ್ಪುವಂತಿದೆ. ಅದು ಉಚಿತ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲಿಯೂ ನಡೆಯುತ್ತದೆ, ಮುಖಗಳನ್ನು ಗುರುತಿಸುವ ಕೆಲಸವನ್ನು ಮನೆಯ ಗಣಕದಲ್ಲಿಯೇ ಮಾಡುತ್ತದೆ, ಹೆಸರುಗಳನ್ನು ಕಡತದೊಳಗೆ ಬರೆಯುವ ಆಯ್ಕೆಯನ್ನು ಕೊಡುತ್ತದೆ. ಗೀರುಬಿದ್ದ ಹಳೆಯ ಪಟಗಳಿಗೆ ಗಿಂಪ್ ನೆರವಾದೀತು. ಬಳಸುವವರೆಲ್ಲರೂ ಮೊಬೈಲಿನಲ್ಲಿಯೇ ನೋಡುವವರಾದರೆ ಅಂತರಜಾಲದ ಸಂಗ್ರಹಾಗಾರವನ್ನೂ ಜೊತೆಗಿಟ್ಟುಕೊಳ್ಳಬಹುದು. ಅವರವರ ಅಗತ್ಯ, ಅನುಕೂಲಗಳೇ ಇಲ್ಲಿ ಅಳತೆಗೋಲು.

ತಂತ್ರಾಂಶ ಎಷ್ಟೇ ಉತ್ತಮವಾಗಿದ್ದರೂ ಗಣಕದ ಡಿಸ್ಕು ಒಂದು ದಿನ ಕೆಡಬಹುದು. ಅದಕ್ಕಾಗಿ ಬಲ್ಲವರು ಹೇಳುವ ಸೂತ್ರವೊಂದಿದೆ: ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಅವುಗಳಲ್ಲಿ ಒಂದು ಮನೆಯ ಹೊರಗಿರಲಿ. ಬೆಂಕಿ, ನೆರೆ, ಕಳವು ಯಾವುದು ಸಂಭವಿಸಿದರೂ ಒಂದು ಪ್ರತಿಯಾದರೂ ಉಳಿದೀತು. ಬಿತ್ತನೆಯ ಬೀಜವನ್ನೆಲ್ಲ ರೈತನು ಒಂದೇ ಕಣಜದಲ್ಲಿ ಇಡುವುದಿಲ್ಲ.

ತಿದ್ದುಗೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಮಬ್ಬಾದ ಚಿತ್ರಕ್ಕೆ ಬೆಳಕು ಕೊಡುವುದು ತಪ್ಪಲ್ಲ. ಆದರೆ ಇದ್ದವರನ್ನು ಇಲ್ಲವೆನಿಸುವುದು, ಇಲ್ಲದವರನ್ನು ತಂದು ನಿಲ್ಲಿಸುವುದು ಇಂದು ಬೆರಳಿನ ಆಟವಾಗಿದೆ. ಗ್ರೀನ್‌ಲಾನ ಚಿತ್ರದಲ್ಲಿ ಯಾರಾದರೂ ರಥದ ಶಿಖರವನ್ನು ಅಳಿಸಿ ‘ಅಂದಗೊಳಿಸಿದ್ದರೆ’ ಇತಿಹಾಸವೇ ಕೆಡುತ್ತಿತ್ತು. ಮನೆಯ ಚಿತ್ರವೂ ಮುಂದೊಂದು ದಿನ ಸಾಕ್ಷಿಯಾಗಬಲ್ಲುದು. ಆದುದರಿಂದ ತಿದ್ದಿದ ಪ್ರತಿ ಬೇರೆ, ಮೂಲ ಬೇರೆ ಇರಬೇಕು.

ಕೊನೆಗೆ, ಯಾವ ತಂತ್ರಾಂಶವೂ ಮಾಡಲಾರದ ಕೆಲಸವೊಂದಿದೆ. ಟ್ರಂಕಿನಲ್ಲಿದ್ದ ಹಳೆಯ ಪಟವನ್ನು ಯಂತ್ರಕ್ಕೆ ಊಡಿಸಿದಾಗ, ಯಂತ್ರವು ಅದಕ್ಕೆ ಊಡಿಸಿದ ದಿನದ ದಿನಾಂಕವನ್ನೇ ಬರೆಯುತ್ತದೆ. ಅರವತ್ತು ವರ್ಷಗಳ ಹಿಂದಿನ ಮದುವೆಯ ದಿನವನ್ನು ಅದು ಅರಿಯದು. ಎಡತುದಿಯಲ್ಲಿ ಮಗುವನ್ನೆತ್ತಿಕೊಂಡು ನಿಂತ ಹೆಂಗಸು ಯಾರೆಂಬುದು ಅದಕ್ಕೆ ತಿಳಿಯದು. ಅದನ್ನು ಬಲ್ಲವರು ಮನೆಯ ಅಜ್ಜಿಯೊಬ್ಬರೇ ಆಗಿರಬಹುದು. ಮೊಮ್ಮಗನೋ ಮೊಮ್ಮಗಳೋ ಒಂದು ಸಂಜೆ ಅವರ ಪಕ್ಕದಲ್ಲಿ ಕುಳಿತು, “ಅಜ್ಜೀ, ಇವರು ಯಾರು?” ಎಂದು ಕೇಳಿ, ಹೇಳಿದ ಹೆಸರನ್ನು ಚಿತ್ರದ ಬೆನ್ನುಬರಹದಲ್ಲಿ ದಾಖಲಿಸಿದರೆ, ಆ ಹೆಂಗಸು ಮತ್ತೆ ಮನೆಯವಳಾಗುತ್ತಾಳೆ. ಕೇಳದೆ ಉಳಿದರೆ, ಅಜ್ಜಿಯೊಂದಿಗೆ ಆ ಹೆಸರೂ ಹೋಗುತ್ತದೆ. ಅನಂತರ ಎಷ್ಟು ಚತುರವಾದ ತಂತ್ರಾಂಶವನ್ನು ತಂದರೂ ಅದನ್ನು ಮರಳಿ ಪಡೆಯಲಾಗದು. ಕಣಜವನ್ನು ಆರಿಸುವುದರಲ್ಲಿ ಜಾಣತನವಿರಲಿ. ಕಾಳು ಕೈಯಲ್ಲಿರುವಾಗಲೇ ಅದನ್ನು ತುಂಬುವ ಆತುರವೂ ಇರಲಿ.